ಲೀಸ ಮೈಟ್ನರ್ ಅರ್ಧ ಗಂಟೇಲಿ ಫಿಷನ್ ಕಂಡುಹಿಡಿದ್ರಾ?

ಪ್ರಶ್ನೆ: ಸರ್, ನನ್ನ ಮಗಳು ಎರಡನೇ ಪಿಯುಸಿ ಸೈನ್ಸ್. ಯಾವ್ದೋ ರೀಲ್ಸ್ ನೋಡ್ಕೊಂಡು ಬಂದು, ಲೀಸ ಮೈಟ್ನರ್ ಅಂತ ಒಬ್ರು ವಿಜ್ಞಾನಿ ಇದ್ರಂತೆ, ಹಿಮದಲ್ಲಿ ವಾಕಿಂಗ್ ಹೋದಾಗ ಅರ್ಧ ಗಂಟೇಲಿ ನ್ಯೂಕ್ಲಿಯರ್ ಫಿಷನ್ ಕಂಡುಹಿಡಿದ್ರಂತೆ, ಜೊತೇಲಿದ್ದೋನು ನೊಬೆಲ್ ಹೊಡ್ಕೊಂಡು ಹೋದ್ನಂತೆ, ಅವರನ್ನ ಅಣುಬಾಂಬಿನ ತಾಯಿ ಅಂತಾರಂತೆ ಅಂತೆಲ್ಲಾ ಹೇಳ್ತಿದ್ದಾಳೆ. ಇದ್ರಲ್ಲಿ ಎಷ್ಟು ನಿಜ? ಅವರು ಜೀವನ ಪೂರ್ತಿ ಮಾಡಿದ ಕೆಲಸ ಏನು? ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಮೊದ್ಲು ನಿಮ್ಮ ಮಗಳಿಗೆ ಶಹಬ್ಬಾಸ್ ಹೇಳಿ. ನಾನು ಬಿಎಸ್ಸಿ ಓದುವಾಗ ನಮ್ಮ ಟೆಕ್ಸ್ಟ್ ಬುಕ್ಕಲ್ಲಿ ಇದ್ದಿದ್ದು ಒಂದೇ ಸಾಲು, 1939ರಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಫಿಷನ್ ಕಂಡುಹಿಡಿದರು ಅಂತ, ಮೈಟ್ನರ್ ಹೆಸರೇ ಇರ್ಲಿಲ್ಲ, ಮುಂದೆ ನಾನೇ ಪಾಠ ಮಾಡೋಕೆ ಶುರು ಮಾಡಿ ಮೂರ್ನಾಕು ವರ್ಷ ನಾನೂ ಹಾಗೇ ಹೇಳ್ಕೊಂಡು ಬಂದಿದ್ದೆ, ಈಗ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. ಫಿಷನ್ ಅಂದ್ರೆ ಪರಮಾಣುವಿನ ನಡುವೆ ಇರೋ ನ್ಯೂಕ್ಲಿಯಸ್ಸು ಒಡೆದು ದೊಡ್ಡ ಹೋಳುಗಳಾಗೋದು. ಇನ್ನು ರೀಲ್ಸ್ ವಿಷಯ. ವಾಕಿಂಗ್ ನಿಜ, ಹಿಮ ನಿಜ, ನೊಬೆಲ್ ವಿಷಯದಲ್ಲಿ ಅನ್ಯಾಯ ಆಗಿದ್ದೂ ನಿಜ. ಬಾಂಬಿನ ತಾಯಿ ಅನ್ನೋದು ಪೂರ್ತಿ ಸುಳ್ಳು. ಅರ್ಧ ಗಂಟೆ ಅನ್ನೋದಿದೆಯಲ್ಲ, ಅದರ ಬಗ್ಗೆ ನಂಗೆ ಜಾಸ್ತಿ ತಕರಾರು, ಯಾಕಂದ್ರೆ ಆ ಅರ್ಧ ಗಂಟೇಲಿ ಅವರು ಬಳಸಿದ ಒಂದೊಂದು ಅಂಕಿಯ ಹಿಂದೂ ಮೂವತ್ತು ವರ್ಷದ ದುಡಿಮೆ ಇದೆ. ಅದನ್ನೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಹುಟ್ಟಿದ್ದು 1878ರ ನವೆಂಬರ್‌ನಲ್ಲಿ, ವಿಯೆನ್ನಾದಲ್ಲಿ, ಯಹೂದಿ ಕುಟುಂಬ, ಅಪ್ಪ ವಕೀಲರು, ಎಂಟು ಮಕ್ಕಳಲ್ಲಿ ಇವರು ಮೂರನೆಯವರು. ಆಗ ಅಲ್ಲಿ ಹೆಣ್ಮಕ್ಕಳ ಸ್ಕೂಲು 14ನೇ ವಯಸ್ಸಿಗೆ ಮುಗೀತಿತ್ತು, ಅಷ್ಟೇ, ಆಮೇಲೆ ಮದುವೆ ಇಲ್ಲಾಂದ್ರೆ ಟೀಚರ್ ಕೆಲಸ. ಇವರು ಫ್ರೆಂಚ್ ಟೀಚರ್ ಆಗೋಕೆ ಪರೀಕ್ಷೆ ಬರೆದಿದ್ರು. 1897ರಲ್ಲಿ ಆಸ್ಟ್ರಿಯಾದ ಯೂನಿವರ್ಸಿಟಿಗಳು ಹುಡುಗೀರಿಗೆ ಬಾಗಿಲು ತೆಗೆದ್ವು, ಆದ್ರೆ ಸೇರ್ಬೇಕಂದ್ರೆ ಹುಡುಗರು ಎಂಟು ವರ್ಷ ಕೂತು ಓದೋ ಸಿಲಬಸ್ಸಿನ ಪರೀಕ್ಷೆ ಪಾಸಾಗ್ಬೇಕಿತ್ತು. ಟ್ಯೂಷನ್ ಇಟ್ಕೊಂಡು ಅದನ್ನ ಎರಡೇ ವರ್ಷದಲ್ಲಿ ಮುಗಿಸಿ 1901ರಲ್ಲಿ ಪಾಸಾದ್ರು, ಕೂತಿದ್ದ 14 ಹುಡುಗೀರಲ್ಲಿ ಪಾಸಾಗಿದ್ದು ನಾಲ್ಕೇ ಜನ. ಯೂನಿವರ್ಸಿಟೀಲಿ ಲುಡ್ವಿಗ್ ಬೋಲ್ಟ್ಸ್‌ಮನ್ ಪಾಠ ಕೇಳಿದ್ರು, ಫಿಸಿಕ್ಸ್ ಹುಚ್ಚು ಹಿಡಿಸಿದ್ದು ಅವರೇ. 1906ರಲ್ಲಿ ಡಾಕ್ಟರೇಟ್, ಅದೇ ವರ್ಷ ಬೋಲ್ಟ್ಸ್‌ಮನ್ ಆತ್ಮಹತ್ಯೆ ಮಾಡ್ಕೊಂಡ್ರು. ಮುಂದಿನ ವರ್ಷ ಇವರು ಮ್ಯಾಕ್ಸ್ ಪ್ಲಾಂಕ್ ಪಾಠ ಕೇಳ್ಬೇಕು ಅಂತ ಬರ್ಲಿನ್‌ಗೆ ಹೊರಟ್ರು, ಸ್ವಲ್ಪ ದಿನ ಇದ್ದು ಬರೋಣ ಅಂತ ಹೋದೋರು ಅಲ್ಲಿದ್ದಿದ್ದು 31 ವರ್ಷ.

ಬರ್ಲಿನ್‌ನಲ್ಲಿ ಆಟೊ ಹಾನ್ ಸಿಕ್ಕಿದ್ರು. ಕೆಮಿಸ್ಟ್, ಹೆಚ್ಚು ಕಮ್ಮಿ ಇವರದೇ ವಯಸ್ಸು, ರೇಡಿಯೋಆಕ್ಟಿವಿಟಿ ಮೇಲೆ ಕೆಲಸ ಮಾಡೋಕೆ ಒಬ್ರು ಫಿಸಿಸಿಸ್ಟ್ ಬೇಕಿತ್ತು. ಆದ್ರೆ ಆ ಕೆಮಿಸ್ಟ್ರಿ ಇನ್‌ಸ್ಟಿಟ್ಯೂಟಿನ ಯಜಮಾನರು ಎಮಿಲ್ ಫಿಷರ್, ಅವರು ಹೆಂಗಸರನ್ನ ಒಳಗೆ ಬಿಡ್ತಾ ಇರ್ಲಿಲ್ಲ, ತಲೆಕೂದಲಿಗೆ ಬೆಂಕಿ ಹತ್ಕೊಳ್ಳುತ್ತೆ ಅನ್ನೋ ಭಯ ಅಂತೆ. ಸ್ವಂತ ಗಡ್ಡಕ್ಕೆ ಆ ಭಯ ಇರ್ಲಿಲ್ಲ, ಇರ್ಲಿ. ಕೊನೆಗೆ ಒಪ್ಪಂದ ಏನಾಯ್ತು ಅಂದ್ರೆ, ನೆಲಮಾಳಿಗೇಲಿ ಬಡಗಿ ಕೆಲಸಕ್ಕೆ ಅಂತ ಇದ್ದ ಒಂದು ರೂಮು, ಅದಕ್ಕೆ ಹೊರಗಿಂದ ಬೇರೆ ಬಾಗಿಲು, ಅಲ್ಲಿ ಕೂತು ಕೆಲಸ ಮಾಡ್ಬಹುದು, ಮೇಲಿನ ಲ್ಯಾಬಿಗೆ ಕಾಲಿಡೋ ಹಾಗಿಲ್ಲ. ಶೌಚಾಲಯಕ್ಕೆ ರಸ್ತೇಲಿದ್ದ ಹೋಟೆಲಿಗೆ ಹೋಗ್ಬೇಕಿತ್ತು. ಡಾಕ್ಟರೇಟ್ ಆಗಿರೋ, 29 ವರ್ಷದ ಹೆಣ್ಮಗಳು. ಸಂಬಳ ಇಲ್ಲ, ಮನೆಯಿಂದ ಅಪ್ಪ ಕಳಿಸ್ತಿದ್ದ ದುಡ್ಡು. 1908ರ ಕೊನೇಲಿ ರುದರ್‌ಫೋರ್ಡ್ ನೊಬೆಲ್ ತಗೊಂಡು ವಾಪಸ್ ಹೋಗ್ತಾ ಬರ್ಲಿನ್‌ಗೆ ಬಂದ್ರು, ಇವರನ್ನ ನೋಡಿ, ಓ ನೀವು ಗಂಡಸು ಅಂದ್ಕೊಂಡಿದ್ನಲ್ಲ ಅಂದ್ರಂತೆ. ಆಮೇಲೆ ರುದರ್‌ಫೋರ್ಡ್ ಮತ್ತೆ ಹಾನ್ ಕೂತು ಫಿಸಿಕ್ಸ್ ಮಾತಾಡ್ತಾ ಇದ್ರು, ಮೈಟ್ನರ್ ರುದರ್‌ಫೋರ್ಡ್ ಹೆಂಡತಿ ಜೊತೆ ಕ್ರಿಸ್‌ಮಸ್ ಶಾಪಿಂಗಿಗೆ ಹೋದ್ರು.

1909ರಲ್ಲಿ ಎರಡು ವಿಷಯ ಆಯ್ತು. ಬರ್ಲಿನ್ ಇದ್ದ ಪ್ರಷ್ಯಾ ರಾಜ್ಯದಲ್ಲಿ ಹೆಣ್ಮಕ್ಕಳಿಗೆ ಯೂನಿವರ್ಸಿಟಿ ಪ್ರವೇಶ ಅಧಿಕೃತ ಆಗಿದ್ರಿಂದ ಫಿಷರ್ ನಿರ್ಬಂಧ ತೆಗೆದ್ರು, ಹೆಂಗಸರ ಟಾಯ್ಲೆಟ್ಟೂ ಬಂತು. ಇನ್ನೊಂದು, ಸಾಲ್ಸ್‌ಬರ್ಗ್‌ನಲ್ಲಿ ಒಂದು ಸಮ್ಮೇಳನ, ಅಲ್ಲಿ ಐನ್‌ಸ್ಟೈನ್ ಭಾಷಣ ಕೇಳಿದ್ರು, ತೂಕ ಅನ್ನೋದೂ ಶಕ್ತಿಯ ಇನ್ನೊಂದು ರೂಪ ಅನ್ನೋ ವಿಚಾರ. ಈ ಎರಡನೇದನ್ನ ನೆನಪಿಟ್ಕೊಳ್ಳಿ, 29 ವರ್ಷ ಆದ್ಮೇಲೆ ಬೇಕಾಗುತ್ತೆ.

1912ರಲ್ಲಿ ಪ್ಲಾಂಕ್ ಇವರನ್ನ ತಮ್ಮ ಅಸಿಸ್ಟೆಂಟ್ ಮಾಡ್ಕೊಂಡ್ರು. ಹೆಣ್ಮಕ್ಕಳಿಗೆ ಉನ್ನತ ವಿಜ್ಞಾನ ಯಾಕೆ, ಪ್ರಕೃತಿ ಅವರಿಗೆ ತಾಯ್ತನ ಮನೆಗೆಲಸ ಕೊಟ್ಟಿದೆ ಅನ್ನೋ ಅರ್ಥದಲ್ಲಿ ಹಿಂದೆ ಬರೆದಿದ್ದ ಮನುಷ್ಯ ಅದೇ ಪ್ಲಾಂಕ್! ಮೈಟ್ನರ್ ಕೆಲಸ ಕಣ್ಣಾರೆ ನೋಡಿದ್ಮೇಲೆ ಬದಲಾದ್ರು, ಕೊನೆವರೆಗೂ ಬೆನ್ನಿಗೆ ನಿಂತ್ರು. ಅದೇ ವರ್ಷ ಬರ್ಲಿನ್ನಿನ ಡಾಲೆಮ್ ಬಡಾವಣೇಲಿ ಹೊಸ ಕೈಸರ್ ವಿಲ್‌ಹೆಲ್ಮ್ ಕೆಮಿಸ್ಟ್ರಿ ಇನ್‌ಸ್ಟಿಟ್ಯೂಟ್ ಶುರುವಾಯ್ತು, ಹಾನ್ ಮತ್ತೆ ಮೈಟ್ನರ್ ಅಲ್ಲಿಗೆ ಶಿಫ್ಟ್ ಆದ್ರು.

ಆ ಹೊಸ ಲ್ಯಾಬಿನ ಒಂದು ವಿಷಯ ನಂಗೆ ಭಾರೀ ಇಷ್ಟ, ನನ್ನ ಸ್ಟೂಡೆಂಟ್ಸಿಗೆ ಪ್ರತಿ ವರ್ಷ ಹೇಳ್ತಿದ್ದೆ. ಹಳೇ ಬಡಗಿ ರೂಮಲ್ಲಿ ರೇಡಿಯೋಆಕ್ಟಿವ್ ಧೂಳು ಎಲ್ಲಾ ಕಡೆ ಹತ್ಕೊಂಡು ಕೊನೆಗೆ ದುರ್ಬಲ ಸ್ಯಾಂಪಲ್ ಅಳೆಯೋಕೇ ಆಗ್ದಿರೋ ಸ್ಥಿತಿ ಬಂದಿತ್ತು, ಗೋಡೆಯಿಂದಲೇ ಕಿರಣ ಬರ್ತಿದ್ರೆ ಸ್ಯಾಂಪಲ್ದು ಯಾವ್ದು ಗೋಡೇದು ಯಾವ್ದು? ಹಾಗಾಗಿ ಹೊಸ ಜಾಗದಲ್ಲಿ ಮಡಿ ಅಂದ್ರೆ ಮಡಿ. ಲ್ಯಾಬಲ್ಲಿ ಯಾರೂ ಯಾರಿಗೂ ಕೈ ಕುಲುಕೋ ಹಾಗಿಲ್ಲ, ಜರ್ಮನಿಯಲ್ಲಿ ಅದು ಎಷ್ಟು ದೊಡ್ಡ ಅಪಚಾರ ಯೋಚ್ನೆ ಮಾಡಿ. ಕೆಮಿಸ್ಟ್ರಿ ಕೆಲಸ ಬೇರೆ ರೂಮು, ಅಳತೆ ಕೆಲಸ ಬೇರೆ ರೂಮು. ಪ್ರತಿ ಟೆಲಿಫೋನ್ ಪಕ್ಕ, ಪ್ರತಿ ಬಾಗಿಲ ಹಿಡಿ ಪಕ್ಕ ಟಾಯ್ಲೆಟ್ ಪೇಪರ್ ರೋಲು ನೇತಾಕಿದ್ರು, ಒಂದು ತುಂಡು ಹರ್ಕೊಂಡು ಅದ್ರಲ್ಲೇ ಹಿಡಿ ಹಿಡೀಬೇಕು. ನಮ್ಮಜ್ಜಿ ಮಡಿ ಬಟ್ಟೆ ಕೋಲಲ್ಲಿ ಎತ್ತಿದ ಹಾಗೆ. ಇಷ್ಟು ಮಾಡಿದ್ದಕ್ಕೇ 25 ವರ್ಷ ಆದ್ಮೇಲೂ ಆ ಲ್ಯಾಬಲ್ಲಿ ಅತೀ ಕ್ಷೀಣ ರೇಡಿಯೋಆಕ್ಟಿವಿಟಿ ಅಳೆಯೋಕೆ ಆಗ್ತಿತ್ತು. ಫಿಷನ್ ಸಿಗೋದು ಆ ತರದ ಜಾಗದಲ್ಲಿ ಮಾತ್ರ ಸಾಧ್ಯ ಇತ್ತು.

ಮೊದಲನೇ ಮಹಾಯುದ್ಧದಲ್ಲಿ ಹಾನ್ ಸೇನೆಗೆ ಹೋದ್ರು, ವಿಷಾನಿಲ ಪಡೆಯಲ್ಲಿ ಇದ್ರು. ಮೈಟ್ನರ್ ಆಸ್ಟ್ರಿಯಾ ಸೇನೆಯ ಆಸ್ಪತ್ರೇಲಿ ಎಕ್ಸ್‌ರೇ ನರ್ಸ್ ಆಗಿ ಕೆಲಸ ಮಾಡಿ 1916ರಲ್ಲಿ ವಾಪಸ್ ಬಂದ್ರು, ಬಂದು ಹೆಚ್ಚು ಕಮ್ಮಿ ಒಬ್ರೇ ಕೂತು ಪಿಚ್‌ಬ್ಲೆಂಡ್ ಅದಿರಿನ ಶೇಷದಲ್ಲಿ 91ನೇ ಮೂಲವಸ್ತು ಹುಡುಕಿದ್ರು. ಪ್ರೊಟ್ಯಾಕ್ಟಿನಿಯಂ. 1918ರ ಪೇಪರಲ್ಲಿ ಮೊದಲ ಹೆಸರು ಹಾನ್, ಎರಡನೇದು ಮೈಟ್ನರ್. ಜಗಳ ಏನೂ ಆಗಿಲ್ಲ, ಹಾಕಿದ್ದು ಇವರೇ. 1917ರಲ್ಲಿ ಅದೇ ಇನ್‌ಸ್ಟಿಟ್ಯೂಟಲ್ಲಿ ಇವರಿಗೆ ಸ್ವಂತ ಫಿಸಿಕ್ಸ್ ವಿಭಾಗ ಸಿಕ್ತು, 1922ರಲ್ಲಿ ಯೂನಿವರ್ಸಿಟೀಲಿ ಪಾಠ ಮಾಡೋ ಅರ್ಹತೆ. ಆಗಿನ ಉಪನ್ಯಾಸದ ವಿಷಯ ಕಾಸ್ಮಿಕ್ ಪ್ರಕ್ರಿಯೆಗಳಲ್ಲಿ ರೇಡಿಯೋಆಕ್ಟಿವಿಟಿ, ಪೇಪರಿನೋರು ಕಾಸ್ಮೆಟಿಕ್ ಅಂತ ಛಾಪಿಸಿದ್ರಂತೆ, ಹೆಂಗಸು ಅಂದ್ಮೇಲೆ ಇನ್ನೇನು ಮಾತಾಡ್ತಾಳೆ ಅಂತ. 1926ರಲ್ಲಿ ಪ್ರೊಫೆಸರ್ ಪದವಿ, ಜರ್ಮನಿಯಲ್ಲಿ ಫಿಸಿಕ್ಸಿನ ಮೊದಲ ಮಹಿಳಾ ಪ್ರೊಫೆಸರ್. ಐನ್‌ಸ್ಟೈನ್ ಇವರನ್ನ ನಮ್ಮ ಮೇಡಂ ಕ್ಯೂರಿ ಅಂತಿದ್ರು. ಪರಮಾಣು ತನ್ನ ಹೆಚ್ಚಿನ ಶಕ್ತಿಯನ್ನ ಒಂದು ಎಲೆಕ್ಟ್ರಾನ್ ಹೊರಗೆ ಎಸೆದು ಕಳ್ಕೊಳ್ಳೋದನ್ನ ಇವತ್ತು ಆಜೆ ಎಫೆಕ್ಟ್ ಅಂತ ಫ್ರೆಂಚ್ ವಿಜ್ಞಾನಿ ಪಿಯರ್ ಆಜೆ ಹೆಸರಲ್ಲಿ ಓದ್ತೀವಲ್ಲ, ಅದನ್ನ ಅವರಿಗಿಂತ ಮುಂಚೆ 1922ರಲ್ಲೇ ಗುರುತಿಸಿದ್ದು ಮೈಟ್ನರ್.

ಈಗ ರೀಲ್ಸಲ್ಲಿ ಯಾರೂ ಹೇಳ್ದೇ ಇರೋ ವಿಷಯಕ್ಕೆ ಬರ್ತೀನಿ. ನನ್ನ ಪ್ರಕಾರ ಮೈಟ್ನರ್ ಎಂಥ ವಿಜ್ಞಾನಿ ಅಂತ ಗೊತ್ತಾಗೋದು ಅವರು ಸೋತ ಒಂದು ವಾದದಿಂದ. ರೇಡಿಯೋಆಕ್ಟಿವ್ ವಸ್ತುಗಳಿಂದ ಆಲ್ಫಾ, ಬೀಟಾ ಅಂತ ಕಣಗಳು ಹಾರಿ ಬರ್ತವೆ. ಆಲ್ಫಾ ಕಣಗಳು ಹೊರಗೆ ಬರುವಾಗ ನಿರ್ದಿಷ್ಟ ಶಕ್ತಿ ಹೊತ್ಕೊಂಡು ಬರ್ತವೆ, ಬೀಟಾ ಕಣಗಳೂ ಹಾಗೇ ಇರ್ಬೇಕು ಅಂತ ಮೈಟ್ನರ್ ನಂಬಿದ್ರು. ಆದ್ರೆ 1914ರಲ್ಲಿ ಬರ್ಲಿನ್‌ನಲ್ಲೇ ಇದ್ದ ಜೇಮ್ಸ್ ಚಾಡ್ವಿಕ್ ಅಳೆದು ನೋಡಿದ್ರೆ ಬೀಟಾ ಕಣಗಳು ಸೊನ್ನೆಯಿಂದ ಒಂದು ಗರಿಷ್ಠದವರೆಗೆ ಎಲ್ಲಾ ಶಕ್ತಿಯಲ್ಲೂ ಬರ್ತಿದ್ವು. ಮೈಟ್ನರ್ ವಾದ ಏನಂದ್ರೆ, ಹೊರಡುವಾಗ ಎಲ್ಲಾ ಒಂದೇ ಶಕ್ತೀಲಿ ಹೊರಡ್ತವೆ, ದಾರೀಲಿ ಅಲ್ಲಿ ಇಲ್ಲಿ ಡಿಕ್ಕಿ ಹೊಡ್ದು ಕಳ್ಕೊಳ್ತವೆ. ಇಂಗ್ಲೆಂಡಿನ ಚಾರ್ಲ್ಸ್ ಎಲ್ಲಿಸ್ ಇಲ್ಲ ಅಂದ್ರು. ವರ್ಷಗಟ್ಟಲೆ ಪೇಪರ್ ಮೇಲೆ ಪೇಪರ್. ಕೊನೆಗೆ 1927ರಲ್ಲಿ ಎಲ್ಲಿಸ್ ಮತ್ತೆ ವೂಸ್ಟರ್ ಒಂದು ಸಖತ್ ಪ್ರಯೋಗ ಮಾಡಿದ್ರು, ರೇಡಿಯಂ ಇ ಅನ್ನೋ ವಸ್ತುವನ್ನ ಕ್ಯಾಲರಿಮೀಟರ್ ಒಳಗೆ ಮುಚ್ಚಿಟ್ಟು ಬಿಸಿ ಅಳೆದ್ರು. ದಾರೀಲಿ ಕಳ್ಕೊಂಡ ಶಕ್ತಿನೂ ಬಿಸಿಯಾಗಿ ಅಲ್ಲೇ ಉಳೀಬೇಕು ತಾನೇ, ಹಾಗಾಗಿ ಮೈಟ್ನರ್ ಹೇಳಿದ್ದು ಸರಿ ಆಗಿದ್ರೆ ಒಂದೊಂದು ಕಣಕ್ಕೆ ಗರಿಷ್ಠ ಮೌಲ್ಯ, ಅಂದ್ರೆ 1 ಎಂಇವಿ (ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಕಣಗಳ ಶಕ್ತಿ ಅಳೆಯೋ ಮಾನ) ಆಸುಪಾಸು ಬರ್ಬೇಕಿತ್ತು. ಬಂದಿದ್ದು 0.34, ಬರೀ ಸರಾಸರಿ.

ಈಗ ನೀವೇ ಆಗಿದ್ರೆ ಏನ್ಮಾಡ್ತಿದ್ರಿ? ಬಹಳ ಜನ ಆ ಪ್ರಯೋಗದಲ್ಲೇ ತಪ್ಪು ಹುಡುಕ್ತಾರೆ. ಮೈಟ್ನರ್ ಓರ್ಟ್‌ಮನ್ ಅನ್ನೋ ವಿಜ್ಞಾನಿ ಜೊತೆ ಸೇರಿ ಇನ್ನೂ ಒಳ್ಳೇ ಕ್ಯಾಲರಿಮೀಟರ್ ಕಟ್ಟಿ ಅದೇ ಪ್ರಯೋಗ ಮತ್ತೆ ಮಾಡಿದ್ರು. ಬಂದಿದ್ದು 0.337. ಎಲ್ಲಿಸ್ ಹೇಳಿದ್ದೇ ಸರಿ, ಆದ್ರೆ ಇದು ಯಾಕೆ ಹೀಗೆ ಅಂತ ನಂಗೆ ಅರ್ಥ ಆಗ್ತಿಲ್ಲ ಅಂತ ಒಪ್ಕೊಂಡು ಬಿಟ್ರು. ಹತ್ತು ಹದಿನೈದು ವರ್ಷದ ವಾದ, ತಮ್ಮ ಕೈಯಾರೆ ಮುಗಿಸಿದ್ರು. ಅದಾದ್ಮೇಲೆ ಯಾರಿಗೂ ತಪ್ಪಿಸ್ಕೊಳ್ಳೋಕೆ ದಾರಿ ಉಳೀಲಿಲ್ಲ, ಶಕ್ತಿ ಎಲ್ಲೋ ಮಾಯ ಆಗ್ತಿದೆ. 1930ರ ಡಿಸೆಂಬರ್ 4ಕ್ಕೆ ವುಲ್ಫ್‌ಗಾಂಗ್ ಪೌಲಿ ಅನ್ನೋ ಫಿಸಿಸಿಸ್ಟ್ ವಿಜ್ಞಾನಿಗಳ ಒಂದು ಸಭೆಗೆ ಪತ್ರ ಬರೆದ್ರು, ಆತ್ಮೀಯ ರೇಡಿಯೋಆಕ್ಟಿವ್ ಮಹಿಳೆಯರೇ ಮಹನೀಯರೇ ಅಂತ ಶುರು ಆಗುತ್ತೆ, ಕಣ್ಣಿಗೆ ಬೀಳದ ಇನ್ನೊಂದು ಕಣ ಆ ಶಕ್ತಿ ಹೊತ್ಕೊಂಡು ಹೋಗ್ತಿರ್ಬಹುದು ಅಂತ. ಅದೇ ಇವತ್ತಿನ ನ್ಯೂಟ್ರಿನೋ. ಆ ಸಭೇಲಿ ಮೈಟ್ನರ್ ಕೂತಿದ್ರು, ಪತ್ರದ ಕಾಪಿ ಜೋಪಾನವಾಗಿ ಇಟ್ಕೊಂಡಿದ್ದೂ ಅವರೇ.

1934ಕ್ಕೆ ಬರೋಣ. ರೋಮ್‌ನಲ್ಲಿ ಎನ್ರಿಕೋ ಫರ್ಮಿ ಯುರೇನಿಯಂಗೆ ನ್ಯೂಟ್ರಾನ್ ಹೊಡ್ದು, ಯುರೇನಿಯಂಗಿಂತ ಭಾರದ ಹೊಸ ಮೂಲವಸ್ತುಗಳು ಹುಟ್ತಿರೋ ಹಾಗಿದೆ ಅಂದ್ರು. ಮೈಟ್ನರ್‌ಗೆ ಕುತೂಹಲ, ಆದ್ರೆ ಕೆಮಿಸ್ಟ್ ಇಲ್ದೇ ಆಗೋ ಕೆಲಸ ಅಲ್ಲ, ಹಾನ್ ಜೊತೆ ಕೂಡಿ ಕೆಲಸ ನಿಲ್ಸಿ ವರ್ಷಗಳೇ ಆಗಿತ್ತು, ಇವರೇ ಹಿಂದೆ ಬಿದ್ದು ಅವರನ್ನ ಒಪ್ಪಿಸಿದ್ರು. ಫ್ರಿಟ್ಜ್ ಸ್ಟ್ರಾಸ್‌ಮನ್ ಅಂತ ಯುವ ಕೆಮಿಸ್ಟ್ ಸೇರ್ಕೊಂಡ್ರು, ನಾಜಿಗಳ ಹಿಡಿತದಲ್ಲಿದ್ದ ಕೆಮಿಸ್ಟರ ಸಂಘಕ್ಕೆ ರಾಜೀನಾಮೆ ಬಿಸಾಕಿ ಬೇರೆಲ್ಲೂ ಕೆಲಸ ಸಿಗದ ಹಾಗೆ ಮಾಡ್ಕೊಂಡಿದ್ದ ಮನುಷ್ಯ, ಮುಂದೆ ಯುದ್ಧದ ಟೈಮಲ್ಲಿ ತಮ್ಮ ಮನೇಲಿ ಯಹೂದಿ ಮಹಿಳೆಯೊಬ್ಬರನ್ನ ಬಚ್ಚಿಟ್ಟು ಉಳಿಸಿದ್ರು. ಈ ಮೂರೂ ಜನ ನಾಲ್ಕು ವರ್ಷ ಯುರೇನಿಯಂ ಕುಟ್ಟಿದ್ರು. ತಪ್ಪು ದಾರೀಲಿ, ಅದನ್ನೂ ಹೇಳ್ಬೇಕು. ನ್ಯೂಟ್ರಾನ್ ಹೊಡೆದ್ರೆ ನ್ಯೂಕ್ಲಿಯಸ್ಸಿಂದ ಚೂರುಪಾರು ಉದುರುತ್ತೆ, ಹೊಸದಾಗಿ ಸಿಕ್ಕಿದ್ದೆಲ್ಲಾ ಯುರೇನಿಯಂ ಅಕ್ಕಪಕ್ಕದ್ದೇ ಅನ್ನೋದು ಎಲ್ಲರ ಗಟ್ಟಿ ನಂಬಿಕೆ, ಮೈಟ್ನರ್‌ದೂ ಅದೇ. ನ್ಯೂಕ್ಲಿಯಸ್ಸು ದೊಡ್ಡ ದೊಡ್ಡ ತುಂಡಾಗ್ಬಹುದಲ್ಲ ಅಂತ ಈಡಾ ನೊಡ್ಡಾಕ್ ಅನ್ನೋ ಮಹಿಳಾ ಕೆಮಿಸ್ಟ್ 1934ರಲ್ಲೇ ಬರೆದಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಇವರೂ ಹಾಕ್ಕೊಳ್ಳಲಿಲ್ಲ.

ಅಷ್ಟರಲ್ಲಿ ಹಿಟ್ಲರ್. 1933ರಲ್ಲೇ ಇವರ ಪಾಠ ಮಾಡೋ ಹಕ್ಕು ಕಿತ್ಕೊಂಡ್ರು. ಆಸ್ಟ್ರಿಯಾ ಪ್ರಜೆ ಆಗಿದ್ರಿಂದ ಸಂಶೋಧನೆ ಹೆಂಗೋ ನಡೀತಿತ್ತು, ಇವರೂ ಲ್ಯಾಬ್ ಬಿಟ್ಟು ಹೋಗೋಕೆ ಮನಸ್ಸಾಗ್ದೇ ಉಳ್ಕೊಂಡ್ರು, ಆವಾಗ್ಲೇ ಹೊರಡದೇ ಇದ್ದಿದ್ದು ದಡ್ಡತನ ಅಷ್ಟೇ ಅಲ್ಲ ದೊಡ್ಡ ತಪ್ಪು ಅಂತ ಆಮೇಲೆ ಅವರೇ ಬರ್ಕೊಂಡಿದ್ದಾರೆ. 1938ರ ಮಾರ್ಚಲ್ಲಿ ಹಿಟ್ಲರ್ ಆಸ್ಟ್ರಿಯಾನೂ ನುಂಗಿದ, ಒಂದೇ ರಾತ್ರೀಲಿ ಆಸ್ಟ್ರಿಯಾ ಪಾಸ್‌ಪೋರ್ಟ್ ರದ್ದಿ ಕಾಗದ. ದೇಶ ಬಿಟ್ಟು ಹೋಗೋಕೆ ಅನುಮತಿ ಕೇಳಿದ್ರೆ ಕೊಡಲ್ಲ ಅಂದ್ರು. ಕೊನೆಗೆ ಡಚ್ ವಿಜ್ಞಾನಿ ಡಿರ್ಕ್ ಕೋಸ್ಟರ್ ಬರ್ಲಿನ್‌ಗೆ ಬಂದ್ರು. ಜುಲೈ 12ನೇ ತಾರೀಕು ಮೈಟ್ನರ್ ಯಾರಿಗೂ ಡೌಟ್ ಬರಬಾರ್ದು ಅಂತ ಎಂದಿನ ಹಾಗೆ ಲ್ಯಾಬಿಗೆ ಹೋಗಿ ರಾತ್ರಿ 8ರವರೆಗೂ ಕೂತು ಒಬ್ಬ ಹುಡುಗನ ಪೇಪರ್ ತಿದ್ದಿದ್ರು! ಆಮೇಲೆ ಎರಡು ಸಣ್ಣ ಸೂಟ್‌ಕೇಸು, ಪರ್ಸಲ್ಲಿ 10 ಮಾರ್ಕು. ಹಾನ್ ತಮ್ಮ ತಾಯಿಯ ವಜ್ರದ ಉಂಗುರ ಕೊಟ್ರು, ಗಡೀಲಿ ಯಾರಿಗಾದ್ರೂ ಲಂಚ ಕೊಡೋಕೆ ಬೇಕಾಗ್ಬಹುದು ಅಂತ. ಮಾರನೇ ದಿನ ಕೋಸ್ಟರ್ ಜೊತೆ ರೈಲಲ್ಲಿ ಗಡಿ ದಾಟಿದ್ರು, ಉಂಗುರ ಬೇಕಾಗ್ಲಿಲ್ಲ. ಕೋಸ್ಟರ್ ಹಿಂದೆ ಹಾಫ್ನಿಯಂ ಅನ್ನೋ ಮೂಲವಸ್ತು ಕಂಡುಹಿಡಿದೋರು, ಪೌಲಿ ಅವರಿಗೆ ಟೆಲಿಗ್ರಾಂ ಕಳ್ಸಿ, ಹಾಫ್ನಿಯಂಗೆ ಬಂದಷ್ಟೇ ಹೆಸರು ಈಗ ಮೈಟ್ನರ್ ಅಪಹರಣಕ್ಕೂ ಬಂತು ಅಂತ ತಮಾಷೆ ಮಾಡಿದ್ರು. ಇವರಿಗೆ ಆಗ 59 ವರ್ಷ. ನಮ್ಮಲ್ಲಿ ರಿಟೈರ್ಮೆಂಟ್ ಪಾರ್ಟಿ ಮಾಡೋ ವಯಸ್ಸು.

ಸ್ಟಾಕ್‌ಹೋಮಲ್ಲಿ ಮಾನೆ ಸೀಗ್‌ಬಾನ್ ಅವರ ಹೊಸ ಇನ್‌ಸ್ಟಿಟ್ಯೂಟಲ್ಲಿ ಜಾಗ ಸಿಕ್ತು. ಜಾಗ ಅಷ್ಟೇ. ಉಪಕರಣ ಇಲ್ಲ, ಸಹಾಯಕರಿಲ್ಲ, ಸಂಬಳ ಕಮ್ಮಿ, ಸೀಗ್‌ಬಾನ್‌ಗೆ ಇವರ ಮೇಲೆ ಆಸಕ್ತಿನೂ ಇಲ್ಲ. ಆದ್ರೆ ಬರ್ಲಿನ್ ಜೊತೆ ಪತ್ರ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ಹಾನ್ ಗುಟ್ಟಾಗಿ ಬಂದು ಇವರನ್ನ ಭೇಟಿ ಮಾಡಿದ್ರು, ಯುರೇನಿಯಂನಿಂದ ರೇಡಿಯಂ ಬರ್ತಿದೆ ಅಂದ್ರು, ಫಿಸಿಕ್ಸ್ ಪ್ರಕಾರ ಅದು ಸಾಧ್ಯವೇ ಇಲ್ಲ ಇನ್ನೊಂದ್ಸಲ ಸರಿಯಾಗಿ ಚೆಕ್ ಮಾಡಿ ಅಂತ ಇವರು ಪಟ್ಟು ಹಿಡಿದ್ರು. ಆ ಚೆಕ್ ಮಾಡಿದ್ದರಿಂದ್ಲೇ ಎಲ್ಲಾ ಬಯಲಾಗಿದ್ದು. ಡಿಸೆಂಬರ್ 19ಕ್ಕೆ ಹಾನ್ ಪತ್ರ, ನಮ್ಮ ರೇಡಿಯಂ ಎಷ್ಟು ಮಾಡಿದ್ರೂ ಬೇರಿಯಂ ತರಾನೇ ವರ್ತಿಸ್ತಿದೆ, ನಿಂಗೆ ಏನಾದ್ರೂ ವಿವರಣೆ ಹೊಳೀಬಹುದಾ ಅಂತ.

ಕ್ರಿಸ್‌ಮಸ್‌ಗೆ ಇವರು ಸ್ವೀಡನ್ನಿನ ಪಶ್ಚಿಮ ಕರಾವಳಿ ಕಡೆ ಕುಂಗೆಲ್ವ್ ಅನ್ನೋ ಊರಿಗೆ ಗೆಳತಿ ಮನೆಗೆ ಹೋಗಿದ್ರು. ಅಕ್ಕನ ಮಗ ಆಟೊ ಫ್ರಿಶ್ ಕೋಪನ್‌ಹೇಗನ್‌ನಿಂದ ಬಂದ, ಅವನೂ ಫಿಸಿಸಿಸ್ಟ್, ಅವನ ಅಪ್ಪ ಆಗ ನಾಜಿ ಕ್ಯಾಂಪಲ್ಲಿ. ಬೆಳಿಗ್ಗೆ ಚಿಕ್ಕಮ್ಮ ಪತ್ರ ಕೈಗೆ ಕೊಟ್ರು, ಅವನು, ಹಾನ್ ಏನೋ ತಪ್ಪು ಮಾಡಿರ್ತಾರೆ ಬಿಡಿ ಅಂದ. ಹಾನ್ ಕೆಮಿಸ್ಟ್ರೀಲಿ ಆ ತರ ತಪ್ಪು ಮಾಡೋರಲ್ಲ ಅಂದ್ರು ಇವರು, 30 ವರ್ಷ ಪಕ್ಕದಲ್ಲಿ ಕೂತು ನೋಡಿದೋರು. ವಾಕಿಂಗ್ ಹೊರಟ್ರು, ಅವನು ಸ್ಕೀ ಮೇಲೆ, ಇವರು ನಡ್ಕೊಂಡೇ, ನಿನ್ನಷ್ಟೇ ಜೋರಾಗಿ ಬರ್ತೀನಿ ನಡಿ ಅಂತ.

ಯುರೇನಿಯಂಗೆ 92 ಪ್ರೋಟಾನು, ಬೇರಿಯಂಗೆ 56. ಉಳಿದಿದ್ದು 36, ಅದು ಕ್ರಿಪ್ಟಾನ್. ಅಂದ್ರೆ ಹೆಚ್ಚುಕಮ್ಮಿ ಎರಡು ಹೋಳು. ಗಟ್ಟಿ ಕಲ್ಲನ್ನ ಒಂದು ಸಣ್ಣ ನ್ಯೂಟ್ರಾನ್ ಹೆಂಗೆ ಹೋಳು ಮಾಡುತ್ತೆ? ಆದ್ರೆ ನ್ಯೂಕ್ಲಿಯಸ್ಸು ಕಲ್ಲಲ್ಲ, ನೀರಿನ ಹನಿ ತರ ಅಂತ ಗ್ಯಾಮೊ, ಬೋರ್ ಅನ್ನೋ ಫಿಸಿಸಿಸ್ಟ್‌ಗಳು ಆಗ್ಲೇ ಹೇಳಿದ್ರು. ಕೆಸುವಿನ ಎಲೆ ಮೇಲಿನ ಹನಿ ನೋಡಿರ್ತೀರಿ, ಮೇಲ್ಮೈ ಎಳೆತದಿಂದ ಗುಂಡಗೆ ನಿಂತಿರುತ್ತೆ, ಅಲ್ಲಾಡಿಸಿದ್ರೆ ಉದ್ದ ಆಗುತ್ತೆ, ನಡು ಸಣ್ಣಗಾಗಿ ಪಟಕ್ ಅಂತ ಎರಡಾಗುತ್ತೆ. ಯುರೇನಿಯಂನಲ್ಲಿ 92 ಪ್ರೋಟಾನು ಒಂದನ್ನೊಂದು ತಳ್ತಾ ಇರೋದ್ರಿಂದ ಆ ಮೇಲ್ಮೈ ಎಳೆತ ಹೆಚ್ಚು ಕಮ್ಮಿ ಖರ್ಚಾಗೇ ಹೋಗಿದೆ, ಒಂದು ನ್ಯೂಟ್ರಾನ್ ಬಂದು ತಾಗಿದ್ರೂ ಸಾಕು. ಇಬ್ರೂ ಬಿದ್ದಿದ್ದ ಮರದ ದಿಮ್ಮಿ ಮೇಲೆ ಕೂತು ಚೀಟಿಯಲ್ಲಿ ಲೆಕ್ಕ ಹಾಕಿದ್ರು. ಹೋಳಾದ ತಕ್ಷಣ ಎರಡು ತುಂಡೂ ವಿದ್ಯುತ್ ವಿಕರ್ಷಣೆಯಿಂದ ಎಷ್ಟು ಶಕ್ತೀಲಿ ದೂರ ಓಡ್ತವೆ? ಸುಮಾರು 200 ಎಂಇವಿ. ಸರಿ, ಆದ್ರೆ ಅಷ್ಟು ಶಕ್ತಿ ಬರೋದು ಎಲ್ಲಿಂದ? ನ್ಯೂಕ್ಲಿಯಸ್ಸುಗಳ ತೂಕ ಲೆಕ್ಕ ಹಾಕೋ ಸೂತ್ರ ಮೈಟ್ನರ್‌ಗೆ ಬಾಯಿಪಾಠ ಇತ್ತು, ಆ ಹಿಮದಲ್ಲಿ ಪುಸ್ತಕ ಎಲ್ಲಿಂದ ಬರ್ಬೇಕು. ಎರಡು ತುಂಡಿನ ತೂಕ ಸೇರಿಸಿದ್ರೆ ಮೂಲ ಯುರೇನಿಯಂಗಿಂತ ಪ್ರೋಟಾನ್ ತೂಕದ ಐದನೇ ಒಂದು ಭಾಗದಷ್ಟು ಕಮ್ಮಿ ಬರುತ್ತೆ. ಅದನ್ನ ಐನ್‌ಸ್ಟೈನ್ ಸೂತ್ರಕ್ಕೆ ಹಾಕಿದ್ರೆ? ಮತ್ತೆ ಸುಮಾರು 200 ಎಂಇವಿ! ಎರಡು ಬೇರೆ ಬೇರೆ ದಾರಿ, ಉತ್ತರ ಒಂದೇ. ಸಾಲ್ಸ್‌ಬರ್ಗಲ್ಲಿ 1909ರಲ್ಲಿ ಕೇಳಿದ ಭಾಷಣ ಇಲ್ಲಿ ಕೆಲಸಕ್ಕೆ ಬಂತು.

ಇದು ಎಷ್ಟು ದೊಡ್ಡ ಶಕ್ತಿ ಅಂದ್ರೆ, ಒಂದು ಕಾರ್ಬನ್ ಪರಮಾಣು ಉರಿದ್ರೆ ಬರೋದು 4 ಎಲೆಕ್ಟ್ರಾನ್ ವೋಲ್ಟ್, ಇದು 20 ಕೋಟಿ, ಅಂದ್ರೆ 5 ಕೋಟಿ ಪಟ್ಟು. ನಮ್ಮ ಕೈಗಾದಲ್ಲಿ ನಾಲ್ಕು ಯೂನಿಟ್ಟು ತಲಾ 220 ಮೆಗಾವ್ಯಾಟ್ ಓಡ್ತಿರೋದು ಇದೇ 200 ಎಂಇವಿ ಮೇಲೆ.

ಫ್ರಿಶ್ ಕೋಪನ್‌ಹೇಗನ್‌ಗೆ ಓಡಿ ಬೋರ್‌ಗೆ ಹೇಳಿದ್ರೆ ಬೋರ್ ಹಣೆ ಬಡ್ಕೊಂಡ್ರು, ಅಯ್ಯೋ ನಾವೆಲ್ಲಾ ಎಂಥ ದಡ್ಡರು ಅಂತ. ಜೀವಕೋಶ ಒಡೆಯೋದಕ್ಕೆ ಬಯಾಲಜಿಯೋರು ಏನಂತಾರೆ ಅಂತ ಕೇಳಿ ಫಿಷನ್ ಅನ್ನೋ ಹೆಸರಿಟ್ಟಿದ್ದು ಫ್ರಿಶ್. ಚಿಕ್ಕಮ್ಮ ಮಗ ಇಬ್ರೂ ಟ್ರಂಕ್ ಕಾಲಲ್ಲೇ ಪೇಪರ್ ಬರೆದ್ರು, 1939ರ ಫೆಬ್ರವರಿ 11ಕ್ಕೆ ನೇಚರ್ ಪತ್ರಿಕೇಲಿ ಬಂತು. ಹಾನ್-ಸ್ಟ್ರಾಸ್‌ಮನ್ ಪೇಪರ್ ಜನವರಿ 6ಕ್ಕೇ ಬಂದಿತ್ತು, ಮೈಟ್ನರ್ ಹೆಸರಿಲ್ದೆ. ನಾಜಿ ಜರ್ಮನೀಲಿ ಓಡಿ ಹೋದ ಯಹೂದಿ ಹೆಸರು ಹಾಕೋಕೆ ಆಗ್ತಿರ್ಲಿಲ್ಲ, ಆವಾಗಿನ ಮಟ್ಟಿಗೆ ಒಪ್ಕೊಳ್ಳೋಣ. ಆದ್ರೆ ಯುದ್ಧ ಮುಗಿದ್ಮೇಲೂ ಹಾನ್ ಇದು ಪೂರ್ತಿ ಕೆಮಿಸ್ಟ್ರಿ, ಫಿಸಿಕ್ಸಿಗೆ ಇದ್ರಲ್ಲಿ ಪಾತ್ರ ಇಲ್ಲ ಅನ್ನೋ ಧಾಟೀಲೇ ಮಾತಾಡ್ಕೊಂಡು ಬಂದ್ರಲ್ಲ, ಅದನ್ನ ನಂಗೆ ಕ್ಷಮಿಸೋಕೆ ಆಗಲ್ಲ.

ನೊಬೆಲ್ ವಿಷಯ. 1944ರ ಕೆಮಿಸ್ಟ್ರಿ ನೊಬೆಲ್ ಹಾನ್ ಒಬ್ರಿಗೇ, ಘೋಷಣೆ ಆಗಿದ್ದು 1945ರ ನವೆಂಬರ್‌ನಲ್ಲಿ, ಹಾನ್ ಆಗ ಇಂಗ್ಲೆಂಡಿನ ಫಾರ್ಮ್ ಹಾಲ್‌ನಲ್ಲಿ ಬಂಧನದಲ್ಲಿದ್ರು. ಹಾಗಾಗಿ ಹಾನ್ ಕದ್ರು ಅನ್ನೋದು ಸರಿ ಅಲ್ಲ, ಕೊಟ್ಟಿದ್ದು ಸ್ವೀಡನ್ನಿನ ಕಮಿಟಿ. 50 ವರ್ಷ ಆದ್ಮೇಲೆ ಆ ಕಡತಗಳು ತೆಗೆದು ನೋಡಿದ್ರೆ, ಕೆಮಿಸ್ಟ್ರಿ ಕಮಿಟಿಗೆ ಫಿಸಿಕ್ಸ್ ಭಾಗದ ಬೆಲೆ ಗೊತ್ತಾಗಿಲ್ಲ, ಫಿಸಿಕ್ಸ್ ಕಡೆ ಸೀಗ್‌ಬಾನ್ ಪ್ರಭಾವ ಜೋರು, ಯುದ್ಧದ ಟೈಮಲ್ಲಿ ಹೊರಗಿನ ಮಾಹಿತಿನೂ ಕಮ್ಮಿ. ಸ್ಟ್ರಾಸ್‌ಮನ್‌ನೂ ಬಿಟ್ರು ಅನ್ನೋದು ಮರೀಬೇಡಿ. ಮೈಟ್ನರ್ ಹೆಸರು ಜೀವಮಾನದಲ್ಲಿ 40ಕ್ಕೂ ಹೆಚ್ಚು ಸಲ ನಾಮಿನೇಟ್ ಆಗಿತ್ತು, ಮಾಡಿದೋರಲ್ಲಿ ಪ್ಲಾಂಕ್, ಬೋರ್ ಅಂಥೋರು ಇದ್ರು, ಒಂದೂ ಗಿಟ್ಟಲಿಲ್ಲ. ಹೊಟ್ಟೆ ಉರಿಯೋದು ಇನ್ನೊಂದಕ್ಕೆ, ಮ್ಯೂನಿಕ್ ಮ್ಯೂಸಿಯಮ್ಮಲ್ಲಿ ಫಿಷನ್ ಪ್ರಯೋಗದ ಟೇಬಲ್ ಇಟ್ಟಿದ್ದಾರೆ, ಅದರ ಮೇಲಿನ ಅಳತೆ ಸಾಮಾನು ಮೈಟ್ನರ್ ವಿಭಾಗದ್ದು, ಎಷ್ಟೋ ವರ್ಷ ಅದಕ್ಕೆ ಹಾಕಿದ್ದ ಬೋರ್ಡು ಆಟೊ ಹಾನ್ ಅವರ ಕೆಲಸದ ಮೇಜು ಅಂತ.

ಬಾಂಬಿನ ತಾಯಿ? 1943ರಲ್ಲಿ ಬಾಂಬ್ ಕಟ್ಟೋ ತಂಡಕ್ಕೆ ಕರೆ ಬಂತು. ಫ್ರಿಶ್ ಹೋದ್ರು. ಸ್ಟಾಕ್‌ಹೋಮಲ್ಲಿ ಕೆಲಸ ಇಲ್ದೇ ಕೊಳೀತಿದ್ದ ಇವರು, ಬಾಂಬಿಗೂ ನನಗೂ ಸಂಬಂಧ ಬೇಡ ಅಂತ ಕಡ್ಡಿ ಮುರಿದ ಹಾಗೆ ಹೇಳಿದ್ರು. 1946ರಲ್ಲಿ ಅಮೆರಿಕಾಗೆ ಹೋದಾಗ ಪೇಪರಿನೋರು ಬಾಂಬ್ ಬಾಂಬ್ ಅಂತ ಹಿಂದೆ ಬಿದ್ದಿದ್ದು ಅವರಿಗೆ ಹಿಂಸೆ ಆಗಿತ್ತು. ಹಾಗಾಗಿ ಆ ಬಿರುದು ದಯವಿಟ್ಟು ಬಳಸಬೇಡಿ. 1945ರ ಜೂನಲ್ಲಿ ಹಾನ್‌ಗೂ ಒಂದು ಖಾರದ ಪತ್ರ ಬರೆದಿದ್ರು, ನೀವೆಲ್ಲಾ ನಾಜಿ ಜರ್ಮನಿಗೆ ದುಡಿದ್ರಿ, ಸುಮ್ನೆ ಕೂತಾದ್ರೂ ವಿರೋಧ ತೋರಿಸ್ಲಿಲ್ಲ ಅಂತ. ಆದ್ರೂ ಸ್ನೇಹ ಮುರೀಲಿಲ್ಲ, ಅದು ಹೆಂಗೆ ಸಾಧ್ಯ ಆಯ್ತೋ ನಂಗಂತೂ ಅರ್ಥ ಆಗಿಲ್ಲ. ಜರ್ಮನಿಗೆ ವಾಪಸ್ ಬಂದು ಕೆಲಸ ತಗೊಳ್ಳಿ ಅಂತ ಸ್ಟ್ರಾಸ್‌ಮನ್ ಕರೆದ್ರೂ ಹೋಗ್ಲಿಲ್ಲ.

ಆಮೇಲಿಂದು ಬೇಗ ಹೇಳ್ತೀನಿ. ಸ್ವೀಡನ್ನಿನಲ್ಲೇ ಮೊದಲ ರಿಯಾಕ್ಟರ್ ಕೆಲಸದಲ್ಲಿ ಸೇರ್ಕೊಂಡ್ರು, 1960ರಲ್ಲಿ ಕೇಂಬ್ರಿಡ್ಜ್‌ಗೆ ಬಂದ್ರು, ಫ್ರಿಶ್ ಅಲ್ಲಿದ್ರು. 1966ರಲ್ಲಿ ಅಮೆರಿಕಾದ ಫರ್ಮಿ ಪ್ರಶಸ್ತಿ ಹಾನ್, ಸ್ಟ್ರಾಸ್‌ಮನ್, ಮೈಟ್ನರ್ ಮೂರೂ ಜನಕ್ಕೆ ಒಟ್ಟಿಗೆ ಬಂತು, ಆ ಮೂರೂ ಹೆಸರು ಅಂತೂ ಒಂದೇ ಕಡೆ. 1968ರಲ್ಲಿ ಜುಲೈಗೆ ಹಾನ್ ಹೋದ್ರು, ಅಕ್ಟೋಬರ್ 27ಕ್ಕೆ ಇವರು, 90 ತುಂಬೋಕೆ ಕೆಲವೇ ದಿನ ಇತ್ತು. 1997ರಲ್ಲಿ 109ನೇ ಮೂಲವಸ್ತುವಿಗೆ ಮೈಟ್ನೀರಿಯಂ ಅಂತ ಅಧಿಕೃತವಾಗಿ ಹೆಸರಾಯ್ತು. ಹಾನಿಯಂ ಅನ್ನೋ ಹೆಸರನ್ನ 105ನೇದಕ್ಕೆ ಅಮೆರಿಕಾದೋರು ವರ್ಷಗಟ್ಟಲೆ ಬಳಸ್ತಿದ್ರು, ಅದೇ 1997ರಲ್ಲಿ ಅದನ್ನ ಬಿಟ್ಟು ಡುಬ್ನಿಯಂ ಮಾಡಿದ್ರು. ನಿಮ್ಮ ಮಗಳ ಕ್ಲಾಸಿನ ಗೋಡೇಲಿ ಪೀರಿಯಾಡಿಕ್ ಟೇಬಲ್ ಇದ್ರೆ ಕೆಳಗಿನ ಸಾಲಲ್ಲಿ ಹುಡುಕೋಕೆ ಹೇಳಿ.

ಇನ್ನೊಂದು ಕೆಲಸ ಕೊಡಿ ಅವಳಿಗೆ. ದಿಮ್ಮಿ ಮೇಲೆ ಕೂತು ಮಾಡಿದ ಲೆಕ್ಕ ಪಿಯುಸಿ ಫಿಸಿಕ್ಸಲ್ಲೇ ಮಾಡ್ಬಹುದು. 56ನ್ನ 36ರಿಂದ ಗುಣಿಸಿ, 2016. ಅದನ್ನ 1.44ರಿಂದ ಗುಣಿಸಿ, ಸುಮಾರು 2900. ಎರಡು ತುಂಡಿನ ಕೇಂದ್ರಗಳ ನಡುವೆ ಆಗ ಇರೋ ಅಂತರ 14ರಿಂದ 15 ಫರ್ಮಿ (ನ್ಯೂಕ್ಲಿಯಸ್ಸಿನ ಅಳತೆಗೆ ಬಳಸೋ ಉದ್ದದ ಮಾನ, 10⁻¹⁵ ಮೀಟರ್), ಅದರಿಂದ ಭಾಗಿಸಿ. ಆ 1.44 ಎಲ್ಲಿಂದ ಬಂತು ಅಂತ ನಾನು ಹೇಳಲ್ಲ, ಎಲೆಕ್ಟ್ರೋಸ್ಟ್ಯಾಟಿಕ್ಸ್ ಪಾಠದಲ್ಲೇ ಇದೆ, ಅವಳೇ ಹುಡುಕ್ಲಿ, ಸಿಗ್ಲಿಲ್ಲ ಅಂದ್ರೆ ಇನ್ನೊಂದ್ಸಲ ಬರೀರಿ.